ಗೆಳತಿಗೆ ಕೊಡದ ಮಾತ್ರೆ

ಕಾಸರಗೋಡಿನ ಒಂದು ಸರಕಾರಿ ಕಚೇರಿಯಲ್ಲಿ ಮಲಯಾಳದ ಆದೇಶಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕುಳಿತಲ್ಲೇ ಕುಳಿತು ಓದಲು ಬಂದರೆ ಅದೇನೂ ಕಷ್ಟವಲ್ಲ. ನನಗೆ ಅದೇ ಬರುತ್ತಿರಲಿಲ್ಲ. ವಾಕ್ಯ ಅರ್ಧದಲ್ಲಿರುವಾಗ ಹೊರಗೆ ಹಾರ್ನ್ ಹೊಡೆದ ಬಸ್ಸಿನ ಹಿಂದೆ ಮನಸ್ಸು ಹೋಗುತ್ತಿತ್ತು. ನೀರು ಕುಡಿಯಲು ಎದ್ದವಳು ಬೇರೆ ವಿಭಾಗದಲ್ಲಿ ಹರಟುತ್ತ ನಿಂತಿರುತ್ತಿದ್ದೆ. ಚಿಕ್ಕಂದಿನಿಂದಲೂ ಹೀಗೇ. ಶಾಲೆಯಲ್ಲಿ ಅದನ್ನು ಉಡಾಫೆ ಎಂದರು, ಊರಿನಲ್ಲಿ, ಅಗಲ್ಪಾಡಿಯ ಮನೆಯಲ್ಲಿ, ಸೋಮಾರಿತನ ಎಂದರು. ನಾನೂ ನಂಬಿದ್ದೆ.

ಮೂವತ್ತೈದು ದಾಟಿದ ಮೇಲೆ, ಒಬ್ಬಳೇ ಮಂಗಳೂರಿಗೆ ಹೋಗಿ ಮನೋವೈದ್ಯರನ್ನು ಕಂಡೆ. ಅವರು ನನ್ನ ಬಾಲ್ಯದ ಬಗ್ಗೆ ತುಂಬಾ ಹೊತ್ತು ಕೇಳಿದರು. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಉಂಟೇ ಎಂದು ವಿಚಾರಿಸಿ, ರಕ್ತದೊತ್ತಡ, ನಾಡಿ, ತೂಕ ನೋಡಿದರು. ಕೊನೆಗೆ, ಇದು ಗಮನದ ತೊಂದರೆ, ದೊಡ್ಡವರಲ್ಲಿಯೂ ಇರುತ್ತದೆ ಎಂದರು.

"ಸಣ್ಣ ಡೋಸಿನಿಂದ ಶುರು ಮಾಡುವ. ಬೆಳಿಗ್ಗೆ ತಿಂಡಿ ಆದ ಮೇಲೆ ತೆಗೊಳ್ಳಿ. ಮಧ್ಯಾಹ್ನದ ಮೇಲೆ ಬೇಡ, ನಿದ್ದೆ ಬರುದಿಲ್ಲ. ಮರೆತರೆ ಮರುದಿನ ಎರಡು ನುಂಗ್ಲಿಕ್ಕಿಲ್ಲ. ಎದೆ ಡವಡವ ಆದ್ರೆ ಕೂಡ್ಲೇ ಫೋನ್ ಮಾಡಿ. ಮತ್ತೆ, ಯಾರಿಗೂ ಕೊಡ್ಬೇಡಿ. ಬೀಗ ಹಾಕಿ ಇಡಿ." ಚೀಟಿ ಬರೆಯುತ್ತ ಕೇಳಿದರು: "ನಿಮ್ಮಲ್ಲಿ ಎಂತಾದ್ರೂ ಬದಲಾವಣೆ ಆದ್ರೆ ನೋಡಿ ಹೇಳ್ಲಿಕ್ಕೆ ಒಟ್ಟಿಗೆ ಯಾರಿದ್ದಾರೆ?"

"ಯಾರೂ ಇಲ್ಲ ಡಾಕ್ಟ್ರೇ, ಬಾಡಿಗೆ ರೂಮು," ಎಂದೆ.

ಮಾತ್ರೆ ಪವಾಡವನ್ನೇನೂ ಮಾಡಲಿಲ್ಲ. ತಲೆಯೊಳಗಿನ ಸಂತೆ ಸ್ವಲ್ಪ ದೂರ ಸರಿಯಿತು, ಅಷ್ಟೆ. ಒಂದು ಬೆಳಿಗ್ಗೆ ಉದ್ದನೆಯ ಆದೇಶವೊಂದನ್ನು ಎಲ್ಲೂ ಏಳದೆ ಮುಗಿಸಿದೆ. ಕಣ್ಣು ತುಂಬಿ ಬಂತು. ಅಮ್ಮನಿಗೆ ಫೋನ್ ಮಾಡಿದೆ. ಅವರು ಸಂತೋಷಪಟ್ಟು, ದನಿ ತಗ್ಗಿಸಿ, "ತಲೆಯ ಮಾತ್ರೆ ಅಂತ ಯಾರ ಹತ್ರವೂ ಹೇಳ್ಬೇಡ ಮಗಾ," ಎಂದರು.

ಆದರೂ ಒಬ್ಬಳಿಗೆ ಹೇಳಿದ್ದೆ. ಪಕ್ಕದ ಮೇಜಿನವಳು, ಉಪ್ಪಳದಿಂದ ಬರುತ್ತಿದ್ದ ಬ್ಯಾರಿ ಹೆಂಗಸು. ಕಚೇರಿಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಮಾತ್ರೆಯಿಂದ ನನಗೆ ಮಧ್ಯಾಹ್ನ ಹಸಿವಾಗುತ್ತಿರಲಿಲ್ಲ. ಬುತ್ತಿ ಹಾಗೇ ಉಳಿಯುವುದನ್ನು ಕಂಡು ಬಾಯಿ ಬಿಡಿಸಿದಳು. ಅಂದಿನಿಂದ ತನ್ನ ಅಕ್ಕಿರೊಟ್ಟಿಯನ್ನು ಮುರಿದು ಕೈಗಿಟ್ಟು, ತಿನ್ನುವವರೆಗೆ ಎದುರು ಕೂರುತ್ತಿದ್ದಳು.

ಇಲಾಖಾ ಪರೀಕ್ಷೆ ಬಂತು. ಮನೆ, ಮಕ್ಕಳು, ರೈಲು ಎಂದು ಅವಳಿಗೆ ಓದಲು ಹೊತ್ತೇ ಸಿಗುತ್ತಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಬಳಿ ನಿಲ್ಲಿಸಿದಳು.

"ನಿನ್ನ ಮಾತ್ರೆ ನಾಲ್ಕು ಕೊಡು. ಪರೀಕ್ಷೆ ಮುಗಿಯುವವರೆಗೆ ಮಾತ್ರ."

"ಅದು ಕೊಡ್ಲಿಕ್ಕಿಲ್ಲ. ನಿನಗೆ ಬಿಪಿ ಉಂಟಲ್ಲ."

"ಬಿಪಿಗೆ ಮಾತ್ರೆ ತಿಂತೇನಲ್ಲ?"

"ನನ್ನ ಎದೆ ನೋಡಿ ಕೊಟ್ಟದ್ದು ಅದು, ನಿನ್ನದು ನೋಡಿ ಅಲ್ಲ. ನನ್ನೊಟ್ಟಿಗೆ ಡಾಕ್ಟ್ರ ಹತ್ರ ಬಾ, ಹೋಗುವ."

"ನಾಲ್ಕು ಮಾತ್ರೆಗೆ ಇಷ್ಟು ಭಾಷಣ ಎಂತಕ್ಕೆ ಮಾರಾಯ್ತಿ? ನಾನು ನಿನ್ನ ವಿಷಯ ಒಬ್ಬರಿಗಾದ್ರೂ ಹೇಳಿದ್ದೇನಾ?"

ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ಮರುದಿನದಿಂದ ಊಟಕ್ಕೆ ಬೇರೆ ಕೋಣೆಗೆ ಹೋದಳು. ಎದುರಾದರೆ ನಗುತ್ತಿದ್ದಳು, ಅಧಿಕಾರಿಗಳನ್ನು ಕಂಡಾಗ ನಗುವ ಹಾಗೆ. ನಾನು ಮಧ್ಯಾಹ್ನ ಉಣ್ಣುವುದನ್ನೇ ಬಿಟ್ಟೆ. ಮುಂದಿನ ತಪಾಸಣೆಯಲ್ಲಿ ತೂಕ ಇಳಿದಿತ್ತು. ವೈದ್ಯರು ಡೋಸು ತಗ್ಗಿಸಿ, ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬಾ ತಿನ್ನಲು ಹೇಳಿದರು. ಕಾರಣವೆಲ್ಲ ಮಾತ್ರೆಯದಲ್ಲ ಎಂದು ಹೇಳಬೇಕೆನಿಸಿತು. ಹೇಳದೆ ಎದ್ದು ಬಂದೆ.

ಗೆಳತಿ ತಾನಾಗಿಯೇ ಓದಿ ಪರೀಕ್ಷೆ ಪಾಸಾದಳು. ಮಂಜೇಶ್ವರಕ್ಕೆ ವರ್ಗವಾಯಿತು. ಹೊರಡುವ ದಿನ ಎಲ್ಲರಿಗೂ ಲಾಡು ಹಂಚುತ್ತ ನನ್ನ ಮೇಜಿಗೂ ಬಂದಳು. "ಒಳ್ಳೇದಾಯ್ತು," ಎಂದೆ. ಇನ್ನೂ ಏನೋ ಹೇಳಬೇಕಿತ್ತು. ಅಷ್ಟರಲ್ಲಿ ಯಾರೋ ಅವಳನ್ನು ಫೋಟೋಕ್ಕೆ ಕರೆದರು.

ಕಳೆದ ತಿಂಗಳು ನಾನೇ ಮೆಸೇಜ್ ಮಾಡಿದೆ. "ಕಾಸರಗೋಡಿಗೆ ಬಂದಾಗ ಸಿಗುವ," ಎಂದು ಉತ್ತರ ಬಂತು. ಇನ್ನೂ ಬಂದಿಲ್ಲ. ಈಗ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಐದೂವರೆಗೆ ರೂಮಿಗೆ ಬಂದು ಬಾಗಿಲು ತೆರೆದರೆ, ಸಂಜೆ ತುಂಬಾ ಉದ್ದ ಇರುತ್ತದೆ.