ಮೇಯ್ ಅಕ್ಕನ ಅಂಗಡಿಯಲ್ಲಿ ದೋಸೆಹಿಟ್ಟಿನ ಮೀಟಿಂಗ್

ತಲೆ ಕೆಟ್ಟುಹೋಗಿದೆ ಸ್ನೇಹಿತರೇ, ಕೇಳಿ. ಪರದೇಶದ ಈ ಗ್ಲೆನೆಲ್ಗ್ ಊರಿನಲ್ಲಿ ನಾನು ಕೆಲಸ ಮಾಡುವ ಚೀನೀ ದಿನಸಿ ಅಂಗಡಿಗೆ ಇವತ್ತು, ಇಲ್ಲೇ ನೆಲೆಸಿರುವ ಮೈಸೂರಿನ ಇಂಜಿನಿಯರ್ ಅಂಕಲ್ ಬಂದಿದ್ದರು. ಅವರ ಹೆಂಡತಿ, ಅಂದರೆ ಆಂಟಿ, ರುಬ್ಬುವ ದೋಸೆಹಿಟ್ಟನ್ನು ಮಾರಲು ಜಾಗ ಬೇಕಿತ್ತು. ಮೂರು ಅಂಗಡಿಗಳು ಬೇಡವೆಂದ ಮೇಲೆ ಇದೇ ಕೊನೆಯ ಭರವಸೆ.

ಮಾಲಕಿ ಮೇಯ್ ಅಕ್ಕ ಎಂದಿನಂತೆ ಮೊದಲು ಅವರನ್ನು ಕೆಲಸದವರಾದ ನಮ್ಮೆಲ್ಲರ ಜೊತೆ ಊಟಕ್ಕೆ ಕರೆದಳು. ಇದ್ದದ್ದು ಬರೀ ಅನ್ನ, ತರಕಾರಿ. ಅಂಕಲ್ "ನೋ ಥ್ಯಾಂಕ್ಸ್" ಎಂದು ಬಟ್ಟಲು ಸರಿಸಿ ಅಲ್ಲೇ ಲ್ಯಾಪ್‌ಟಾಪ್ ಇಟ್ಟರು.

"ಅಂಕಲ್, ಇವ್ರ ಹತ್ರ ಜೊತೇಲಿ ಊಟ ಮಾಡ್ದೆ ವ್ಯಾಪಾರ ಶುರುವಾಗಲ್ಲ," ಎಂದೆ.

"ಸ್ಕೂಲ್ ಬಿಟ್ಟೋನು ನಂಗೆ ಬಿಸಿನೆಸ್ ಹೇಳ್ಕೊಡ್ತೀಯೇನೋ? ಸುಮ್ನಿರು."

ಹನ್ನೆರಡು ಸ್ಲೈಡ್ ಮುಗಿದವು. ಮೇಯ್ ಅಕ್ಕ ಕೇಳಿದ್ದು ಒಂದೇ: "ದೋಸೆ ಹುಯ್ದು ತೋರಿಸಿ."

ಅಂಕಲ್‌ಗೆ ಬರುವುದಿಲ್ಲ! ಸಿಟ್ಟಿನಲ್ಲಿ ನಾನೇ ಅವರು ತಂದಿದ್ದ ಹಿಟ್ಟಿನ ಡಬ್ಬಿ ಕಿತ್ತುಕೊಂಡು ಅಕ್ಕನ ಬಾಣಲೆಯಲ್ಲೇ ಹುಯ್ದೆ. ಎಲ್ಲರೂ ಹರಿದು ಹಂಚಿಕೊಂಡು ತಿಂದರು. ಅಕ್ಕ ಬೆರಳು ಒರೆಸಿಕೊಂಡು ನನಗೆ ಹೇಳಿದಳು: "ಸೋಮವಾರದಿಂದ ಹಿಟ್ಟು ಬರಲಿ. ಮಾತಾಡೋಕೆ ಆಂಟಿನ ಕಳಿಸು."

ಕಾರು ಹತ್ತುವಾಗ ಅಂಕಲ್, "ನೋಡ್ದ್ಯಾ? ನನ್ನ ಪ್ರೆಸೆಂಟೇಶನ್ ವರ್ಕ್ ಆಯ್ತು!" ಎಂದರು.

ಆಂಟಿಗೆ ಆಗಲೇ ಫೋನ್ ಮಾಡಿದ್ದೇನೆ. ಲ್ಯಾಪ್‌ಟಾಪ್ ಬೇಡ, ಹಸಿದುಕೊಂಡು ಬನ್ನಿ ಎಂದಿದ್ದೇನೆ.