ಮದ್ದಿನ ಕೊಳವೆಗೆ ಹೋದ ಕತೆ

ನಾನು ಚಿಕ್ಕವಳಿದ್ದಾಗ, ಇನ್ನೂ ಶಾಲೆಯ ಮುಖ ನೋಡದ ಆರು ವರ್ಷದವಳಿದ್ದಾಗ, ಶಹಾಬಾದಿನ ಹತ್ತಿರ ಒಂದು ಕಲ್ಲಿನ ಗಣಿಯ ಪಕ್ಕದಲ್ಲೇ ನಮ್ಮ ಮನೆಯಿತ್ತು. ಅಪ್ಪ ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸದವನು. ದಿನಾ ಮಧ್ಯಾಹ್ನ ಧಡ್ ಎಂದು ನೆಲ ನಡುಗುತ್ತಿತ್ತು, ಗೂಡಿನಲ್ಲಿಟ್ಟ ತಾಟುಗಳು ಗಡಗಡ ಅನ್ನುತ್ತಿದ್ದವು, ಉಣ್ಣುವ ರೊಟ್ಟಿಯ ಮೇಲೆ ಬಿಳಿ ಧೂಳು ಕೂರುತ್ತಿತ್ತು. ಅಪ್ಪನ ಸಿಟ್ಟೂ ಅದೇ ಜಾತಿಯದು. ವ್ಯತ್ಯಾಸ ಇಷ್ಟೇ, ಬಂಡೆ ಸಿಡಿಯುವ ಮುಂಚೆ ಯಾರಾದರೂ ಕೂಗಿ ಹೇಳುತ್ತಿದ್ದರು.

ಬಂಡೆಗೆ ಕೊರೆದ ತೂತಿನೊಳಗೆ ಮದ್ದು ಇಳಿಸಲು ಕಾಗದದ ಕೊಳವೆ ಬೇಕಾಗುತ್ತಿತ್ತು. ಅದನ್ನು ಸುತ್ತುವುದು ನನ್ನ ಮತ್ತು ಅಕ್ಕನ ಕೆಲಸ. ಪೇಟೆಯಿಂದ ರದ್ದಿಯ ಗಂಟು ಬರುತ್ತಿತ್ತು. ಹಳೇ ಪೇಪರು, ಮಕ್ಕಳ ಉತ್ತರದ ಹಾಳೆ, ಹರಿದ ಪುಸ್ತಕ, ಎಲ್ಲಾ ಅದರೊಳಗೇ. ಹಾಳೆ ಕಿತ್ತು ಕೋಲಿಗೆ ಸುತ್ತಿ, ಗಂಜಿ ಹಚ್ಚಿ, ಬಿಸಿಲಿಗೆ ಇಡಬೇಕು. ಹುಳಿತ ಗಂಜಿಯ ವಾಸನೆ ನಮ್ಮ ಬೆರಳಿಗೆ ಸದಾ ಅಂಟಿಕೊಂಡಿರುತ್ತಿತ್ತು. ಅಕ್ಕ ನಾಲ್ಕನೇ ಇಯತ್ತೆ ಓದಿ ಶಾಲೆ ಬಿಟ್ಟವಳು. ಅವಳಿಗೊಂದು ಚಟವಿತ್ತು, ಓದದೆ ಒಂದು ಹಾಳೆಯನ್ನೂ ಸುತ್ತುತ್ತಿರಲಿಲ್ಲ. ನಾನು ಹತ್ತು ಮುಗಿಸುವುದರಲ್ಲಿ ಅವಳದು ಮೂರೋ ನಾಲ್ಕೋ ಆಗುತ್ತಿತ್ತು. ಇದಕ್ಕಾಗಿ ಅಪ್ಪನಿಂದ ಅವಳು ತಿಂದ ಏಟುಗಳಿಗೆ ಲೆಕ್ಕವಿಲ್ಲ.

ಒಂದು ಸಲ ಗಂಟಿನಲ್ಲಿ ರಟ್ಟಿಲ್ಲದ ಕತೆ ಪುಸ್ತಕ ಬಂತು. ಅಕ್ಕ ಮುಂದಿನಿಂದ ಒಂದೊಂದೇ ಹಾಳೆ ಕಿತ್ತು, ಗಟ್ಟಿಯಾಗಿ ಓದಿ, ಆಮೇಲೆ ಸುತ್ತುತ್ತಿದ್ದಳು. ಹೊಲ ಕಾಯುವ ಹುಡುಗಿಯೊಬ್ಬಳ ಎಳೆಯ ತಮ್ಮನನ್ನು ತೋಳ ಕಚ್ಚಿಕೊಂಡು ಓಡುತ್ತದೆ. ಹುಡುಗಿ ಕುಡುಗೋಲು ಹಿಡಿದು ಬೆನ್ನು ಹತ್ತುತ್ತಾಳೆ. ಎರಡು ದಿನ ನಾನು ಬಾಯಿ ತೆರೆದುಕೊಂಡು ಕೇಳಿದೆ. ಎರಡನೆಯ ದಿನ ತೋಳ ತಿರುಗಿಬಿದ್ದು ಅವಳ ಮೊಣಕೈಗೆ ಬಾಯಿ ಹಾಕಿತು. ರಕ್ತ ಸುರಿಯುತ್ತಿದ್ದರೂ ಅವಳು ಕುಡುಗೋಲು ಎತ್ತಿದಳು. ಅಲ್ಲಿಗೆ ಹಾಳೆ ಮುಗಿಯಿತು.

"ಮುಂದಿಂದ್ ಎಲ್ಲದ?" ಅಂದಳು ಅಕ್ಕ.

ಮುಂದಿನದು ಇರಲಿಲ್ಲ. ಅಕ್ಷರ ಬಾರದ ನಾನು ಹಿಂದಿನ ದಿನವೇ ಅದೇ ಪುಸ್ತಕದ ಕೊನೆಯ ಹಾಳೆಗಳನ್ನು ಕಿತ್ತು ಸುತ್ತಿಬಿಟ್ಟಿದ್ದೆ. ಆ ಕೊಳವೆಗಳನ್ನು ಅಪ್ಪ ಬೆಳಿಗ್ಗೆ ಗಣಿಗೆ ಒಯ್ದಿದ್ದ. ಅಕ್ಕ ನನ್ನನ್ನು ಬೈಯಲಿಲ್ಲ, ಬರೀ ಮುಖ ಮುಚ್ಚಿಕೊಂಡು ಕೂತಳು. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅವಳನ್ನು ನೋಡಲಾಗದೆ ಬರಿಗಾಲಲ್ಲಿ ಗಣಿಗೆ ಓಡಿದೆ. ಹೇಗಾದರೂ ಮಾಡಿ ಆ ಕೊಳವೆ ವಾಪಸು ತರಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ಗಣಿಯೊಳಗೆ ಒಬ್ಬರೂ ಕಾಣಲಿಲ್ಲ. "ಸರೀರಿ, ದೂರ ಸರೀರಿ" ಎಂದು ಯಾರೋ ಕೂಗುತ್ತಿದ್ದರು, ಅದು ದೊಡ್ಡವರಿಗೆ ಹೇಳುವ ಮಾತು ಅಂದುಕೊಂಡು ನಾನು ಇಳಿದೆ. ಬಂಡೆಯ ತೂತೊಂದರ ಬಾಯಲ್ಲಿ ಕಾಗದದ ತುದಿ ಕಂಡಿತು. ಅದರ ಮೇಲೆ ಕಪ್ಪು ಅಕ್ಷರಗಳಿದ್ದವು. ಪಕ್ಕದಲ್ಲಿ ಬತ್ತಿ ಚುರುಚುರು ಉರಿಯುತ್ತಿತ್ತು. ನಾನು ಕಾಗದಕ್ಕೆ ಕೈ ಚಾಚಿದೆ.

ಅಪ್ಪ ಎಲ್ಲಿಂದ ಬಂದನೋ ತಿಳಿಯದು. ಜಡೆ ಹಿಡಿದು ಎಳೆದು, ನೆಲಕ್ಕೆ ಹಾಸಲು ಒಟ್ಟಿದ ಪರಸಿ ಕಲ್ಲಿನ ಅಟ್ಟಿಯ ಹಿಂದೆ ನನ್ನನ್ನು ಎಸೆದು, ಮೇಲೆ ಬಿದ್ದ. ಆಗಲೇ ಬಂಡೆ ಸಿಡಿಯಿತು. ಕಿವಿಯೊಳಗೆ ಕಬ್ಬಿಣ ಹೊಕ್ಕಂತಾಯಿತು. ಮುಷ್ಟಿಯಷ್ಟು ಕಲ್ಲುಗಳು ಅಟ್ಟಿಗೆ ಬಡಿದು ಪುಡಿಯಾದವು. ನನ್ನ ಕೆನ್ನೆಯ ಮೇಲೆ ಬಿಸಿಯಾದದ್ದೇನೋ ಇಳಿಯಿತು. ಅದು ನನ್ನ ರಕ್ತವಲ್ಲ, ಅಪ್ಪನದು. ಅವನ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಹೊಗೆಯೊಳಗಿಂದ ಸುಟ್ಟ ಕಾಗದದ ಚೂರುಗಳು ನಮ್ಮ ಮೇಲೆ ಉದುರುತ್ತಿದ್ದವು.

"ಜೀವ ಹೋಗ್ತಿತ್ತಲ್ಲೇ ಪೋರಿ! ಯಾಕ ಬಂದಿ ಇಲ್ಲಿ?"

"ಕತಿ ಅದರಾಗ ಅದ ಅಪ್ಪಾ."

ಉಳಿದ ಬಲಗೈಯಿಂದ ಅವನು ನನಗೆ ಹೊಡೆದ. ಮನೆಯ ತನಕ ಹೊಡೆಯುತ್ತಲೇ ಬಂದ. ಮನೆಯಲ್ಲಿ ಅಕ್ಕನನ್ನು ಗೋಡೆಗೆ ನೂಕಿ, ರದ್ದಿಯ ಗಂಟನ್ನು ಒದ್ದು, "ಇನ್ನ ಮ್ಯಾಲ ಈ ಮನ್ಯಾಗ ಯಾರರ ಓದಿದ್ದು ಕಂಡ್ರ ಕೈ ಮುರೀತೀನಿ" ಅಂದ. ಮಕ್ಕಳೇ, ಹೊಡೆದದ್ದು ತಪ್ಪು. ನನ್ನ ಜೀವ ಉಳಿಸಿದವನೇ ಹೊಡೆದರೂ ಅದು ತಪ್ಪೇ. ದೊಡ್ಡವಳಾದ ಮೇಲೆ ನಾನು ಇದನ್ನು ಅವನಿಗೂ ಹೇಳಿದ್ದೇನೆ.

ಅವ್ವ ಅರಿಶಿನ ಹಚ್ಚಿ ಅವನ ಕೈಗೆ ಬಟ್ಟೆ ಕಟ್ಟಿದಳು. ಅಪ್ಪ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾವಿಬ್ಬರೂ ಮತ್ತೆ ಸುತ್ತಲು ಕೂತೆವು. ಅಕ್ಕ ಮೊದಲ ಸಲ ಓದದೆ ಸುತ್ತುತ್ತಿದ್ದಳು. ಅವಳ ಕೈ ನನ್ನದಕ್ಕಿಂತ ಜೋರಾಗಿ ಓಡುತ್ತಿತ್ತು, ಅದನ್ನು ನೋಡಿ ನನಗೆ ಅಳು ಬಂತು. ಇನ್ನು ಈ ಮನೆಯಲ್ಲಿ ಕತೆ ಇಲ್ಲ ಎಂದು ನನಗೆ ಖಾತ್ರಿಯಾಯಿತು.

ಹೊತ್ತು ಇಳಿಯುವಾಗ ಹೊರಸಿನ ಕಡೆಯಿಂದ ದನಿ ಬಂತು.

"ಆ ಹುಡುಗಿ ತೋಳನ್ನ ಕಡದ್ಳೋ ಇಲ್ಲೋ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಿಂದಿನ ಸಂಜೆ ಅಕ್ಕ ಓದುವಾಗ ನಿದ್ದೆಯ ಸೋಗು ಹಾಕಿ ಅವನು ಕೇಳಿಸಿಕೊಂಡಿದ್ದ! ಅಕ್ಕನಿಗೆ ಎಲ್ಲಿಂದ ಧೈರ್ಯ ಬಂತೋ, "ಮುಂದಿಂದ್ ನೀನೇ ಹಾರ್ಸಿ ಬಂದೀಯಲ್ಲಪ್ಪಾ, ನನಗೇನ್ ಗೊತ್ತು?" ಅಂದುಬಿಟ್ಟಳು. ಏಟು ಬಿತ್ತೆಂದು ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಅಪ್ಪ ಈಚೆ ಹೊರಳಿ ಬಟ್ಟೆ ಸುತ್ತಿದ ಕೈಯನ್ನು ನೋಡಿಕೊಂಡ.

"ಸಣ್ಣಾಕಿಗಿ ಅಕ್ಷರ ಕಲಸು," ಅಂದ. "ಓದ್ಲಾರ್ದ ಒಂದ್ ಕಾಗದಕ್ಕೂ ಆಕಿ ಕೈ ಹಚ್ಚಬಾರದು."

ಅವತ್ತೇ ಅಕ್ಕ ಇದ್ದಿಲಿನಿಂದ ನೆಲದ ಪರಸಿಯ ಮೇಲೆ 'ಅ' ಬರೆದಳು. ಬಾತುಕೊಂಡ ಕೆನ್ನೆ ಹಿಡಿದುಕೊಂಡೇ ನಾನು ಅದರ ಮೇಲೆ ತಿದ್ದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಓದಿಸಿಕೊಳ್ಳದೆ ಯಾವ ಕಾಗದವೂ ಮದ್ದಿಗೆ ಹೋಗಲಿಲ್ಲ.

ಈಗ ಸೇಡಂನ ಈ ಮನೆಯಲ್ಲಿ ನಿಮ್ಮ ಪುಸ್ತಕಗಳಿಗೆ ಒಂದು ಕಪಾಟೇ ಇದೆ. ಗುಂಡಿ ಒತ್ತಿದರೆ ಆನೆ ಘೀಳಿಡುವ ಪುಸ್ತಕವೂ ಇದೆ. ಹರಿದರೆ ಅಳುವವರಿಲ್ಲ, ಇನ್ನೊಂದು ಬರುತ್ತದೆ. ಮಧ್ಯಾಹ್ನ ಉಂಡು ನನ್ನ ತೊಡೆಗೆ ತಲೆಯಿಟ್ಟು "ಆಯಿ, ಓದು" ಅನ್ನುತ್ತೀರಿ. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರಿಗೂ ಗೊರಕೆ. "ಮಲಗ್ಯಾರಲ್ರೀ ಅತ್ತಿ, ಇನ್ನ ಸಾಕ್ ಮಾಡ್ರಿ" ಅನ್ನುತ್ತಾಳೆ ನಿಮ್ಮಮ್ಮ. ನಾನು ಸಾಕು ಮಾಡುವುದಿಲ್ಲ. ಕೇಳುವವರು ಯಾರೂ ಎಚ್ಚರವಿಲ್ಲದಿದ್ದರೂ, ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿಯೇ ಪುಸ್ತಕ ಮುಚ್ಚುತ್ತೇನೆ.