ಲಿಫ್ಟಣ್ಣ ಹೇಳುತ್ತಿದ್ದ ಸಿನಿಮಾ

ಕಾಜಾ ಅಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ದರ್ಜಿಗಳು ಹೊಲಿದ ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಚ್ಚುವುದು ಅವಳ ಕಸುಬು. ಊರ ಗಂಡಸರ ಮಾನವೆಲ್ಲ ನನ್ನ ಸೂಜಿಯ ತುದಿಯಲ್ಲಿದೆ ಎಂದು ತಾನೇ ನಗಾಡುತ್ತಿದ್ದಳು. ಗಂಡ, ಎಲ್ಲರ ಬಾಯಲ್ಲಿ ಲಿಫ್ಟಣ್ಣ, ದೊಡ್ಡ ಆಫೀಸು ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವವನು. ಆಯುಷ್ಯವಿಡೀ ಮೇಲೆ ಹೋದ, ಕೆಳಗೆ ಬಂದ. ಬಡ್ತಿ ಮಾತ್ರ ಸಿಗಲಿಲ್ಲ.

ಲಿಫ್ಟಿನಲ್ಲಿ ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ ನೋಡಿ. "ಅವಳು ನನಗೆ ಏನಂದಳು ಗೊತ್ತಾ" ಅನ್ನುವಷ್ಟರಲ್ಲಿ ಮಹಡಿ ಬಂದು ಬಾಗಿಲು ತೆರೆದುಕೊಳ್ಳುತ್ತದೆ. ಉಳಿದದ್ದನ್ನು ಲಿಫ್ಟಣ್ಣ ತಾನೇ ಕಟ್ಟಿಕೊಳ್ಳುತ್ತಿದ್ದ. ಸಂಜೆ ಚಪ್ಪಲಿ ಬಿಡುವ ಮೊದಲೇ ಇಡೀ ಕಥೆಯನ್ನು ಹೆಂಡತಿಗೆ ಒಪ್ಪಿಸುತ್ತಿದ್ದ. ಊರಿನವರ ವಿಷಯಕ್ಕೆ ಇಷ್ಟು ಬಾಯಿ. ತನ್ನ ಮನಸ್ಸಿನ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ. ಹೆಂಡತಿಯ ಹತ್ತಿರ ಒಂದು ತಪ್ಪಾಯಿತು ಅನ್ನಲೂ ನಾಲಿಗೆ ಏಳುತ್ತಿರಲಿಲ್ಲ.

ಕ್ರಿಸ್‌ಮಸ್ ದಿನ ಕಟ್ಟಡಕ್ಕೆ ರಜೆ. ಅವತ್ತು ಮಧ್ಯಾಹ್ನ ಟೀವಿಯಲ್ಲಿ ಪ್ರತಿ ವರ್ಷವೂ ಅದೇ ಪರದೇಶದ ಸಿನಿಮಾ ಬರುತ್ತಿತ್ತು: ಹಿಮ ಬೀಳುವ ಊರು, ಒಬ್ಬ ಬೇಕರಿ ಮುದುಕ, ಅವನ ಹೆಂಡತಿ. ಭಾಷೆ ಮನೆಯಲ್ಲಿ ಯಾರಿಗೂ ಬಾರದು. "ನಮ್ಮ ಲಿಫ್ಟಲ್ಲಿ ದಿನಾ ಕೇಳೋದಲ್ವಾ, ನಂಗೆ ನೀರು ಕುಡಿದಷ್ಟು ಸುಲಭ" ಎಂದು ಲಿಫ್ಟಣ್ಣ ಸದ್ದು ಇಳಿಸಿ, ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಮುದುಕನಿಗೆ ದಪ್ಪ ದನಿ, ಮುದುಕಿಗೆ ಕೀರಲು ದನಿ. ಕಥೆಯೆಂದರೆ, ಅವರ ನಾಯಿ ಕಳೆದುಹೋಗಿದೆ, ಊರೆಲ್ಲ ಹುಡುಕುತ್ತಾರೆ. ಮಗಳು ಚಿಕ್ಕವಳಿದ್ದಾಗಿನಿಂದ ಇದೇ ನಡೆದುಬಂತು. ನಮ್ಮವರಿಗೆ ಎಷ್ಟು ಭಾಷೆ ಬರುತ್ತೆ ಅಂತ ಕಾಜಾ ಅಕ್ಕ ದರ್ಜಿಗಳ ಮುಂದೆಲ್ಲ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಸಿನಿಮಾದ ಕೊನೆಗೆ ಮುದುಕ ಹೆಂಡತಿಯ ಹೆಗಲಿಗೆ ಶಾಲು ಹೊದಿಸಿ ಏನೋ ಹೇಳುತ್ತಾನೆ. ಉಳಿದ ಮಾತೆಲ್ಲ ವರ್ಷವೂ ಅವೇ, ಇದೊಂದು ಮಾತ್ರ ವರ್ಷಕ್ಕೊಂದು. "ಕಣ್ಣು ಸೋತಿದೆ ಕಣೇ ನಿಂದು, ಸ್ವಲ್ಪ ಕೆಲಸ ಕಮ್ಮಿ ಮಾಡು" ಅಂತ ಒಂದು ವರ್ಷ. ಅವಳ ತಾಯಿ ತೀರಿಕೊಂಡ ವರ್ಷ, "ನಿಮ್ಮಮ್ಮನ್ನ ನೋಡೋಕೆ ಹೊತ್ತಿಗೆ ಸರಿಯಾಗಿ ಕಳಿಸ್ಲಿಲ್ಲ. ತಪ್ಪು ನಂದೇ." ಕಣ್ಣು ಟೀವಿಯ ಮೇಲೆ, ದನಿ ಮುದುಕನದು. ಆದರೆ ಯಾರು ಯಾರಿಗೆ ಹೇಳಿದ್ದು ಅಂತ ಅವಳಿಗೆ ತಿಳಿಯದೇ? ತಲೆ ಬಗ್ಗಿಸಿಕೊಂಡು, "ಆಯ್ತು ಬಿಡಿ" ಅನ್ನುತ್ತಿದ್ದಳು. ಮಿಕ್ಕ ವರ್ಷವಿಡೀ ಅವನು ಆಡದೆ ಉಳಿಸಿಕೊಂಡದ್ದಕ್ಕೆ ಅಷ್ಟು ಸಾಕಿತ್ತು.

ಈ ವರ್ಷ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಕೆಲಸಕ್ಕೆ ಹೋದವನು ಲಿಫ್ಟಿನ ಸ್ಟೂಲಿನ ಮೇಲೆ ಕೂತಲ್ಲೇ ಹೋಗಿಬಿಟ್ಟ. ಮನೆ ಬಿಡುವಾಗ ಛತ್ರಿ ಎಲ್ಲಿ ಅಂತ ಕೇಳಿದ್ದೇ ಕಡೆಯ ಮಾತು. ಕಾಜಾ ಅಕ್ಕ ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಳು, ನಾಲ್ಕು ದಿನ ಕಳೆದು ಸೂಜಿ ಹಿಡಿದಳು. ಕಲ್ಲಿನಂಥ ಹೆಂಗಸು ಅಂದವರೂ ಇದ್ದರು. ಅನ್ನುವವರಿಗೇನು, ಬಾಯಿಗೆ ಬಾಡಿಗೆಯೇ? ಅವಳು ಒಳಗೊಳಗೇ ಕ್ರಿಸ್‌ಮಸ್ಸಿಗೆ ಕಾಯುತ್ತಿದ್ದಳು. ಮನುಷ್ಯ ಹೋದರೂ ಆ ಸಿನಿಮಾ ಇದೆ, ಅದರಲ್ಲಿ ಅವರ ಮಾತಿದೆ ಅನ್ನುವುದೊಂದೇ ಅವಳಿಗೆ ಉಳಿದಿದ್ದ ಆಸೆ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಕ್ರಿಸ್‌ಮಸ್ ಮಧ್ಯಾಹ್ನ ರಜೆ ಹಾಕಿ ಬಂದಳು. "ಅಮ್ಮಾ, ಆ ಸಿನಿಮಾ ಈಗ ನಮ್ಮ ಭಾಷೇಲೇ ಸಿಗುತ್ತೆ" ಎಂದು ಫೋನಿನಿಂದ ಟೀವಿಗೆ ಹಾಕಿದಳು. ಪಾಪ, ತಾಯಿಗೆ ಖುಷಿಯಾಗಲಿ ಅಂತಲೇ ಮಾಡಿದ್ದು. ಮುದುಕ ಬಾಯಿ ತೆರೆದ. ಬೇಕರಿ ಮಾರಿಬಿಡೋಣ ಎಂದ. ಮುದುಕಿ ಬೇಡ ಎಂದಳು. ಮಾತೆಲ್ಲ ಅದರದೇ.

"ನಾಯಿ ಯಾವಾಗ ಕಳೆದುಹೋಗುತ್ತೆ?" ಎಂದಳು ತಾಯಿ.

"ನಾಯಿ ಕಳ್ದೇ ಹೋಗಿಲ್ಲ ಕಣಮ್ಮ. ಅಲ್ನೋಡು, ಒಲೆ ಹತ್ರ ಮಲಗಿದೆ."

"ಅದು ಪಕ್ಕದ ಮನೇದು ಅಂದಿದ್ರಲ್ಲೇ ನಿಮ್ಮಪ್ಪ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ಪುಣ್ಯಾತ್ಮನಿಗೆ ಆ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ! ಇಷ್ಟು ವರ್ಷ ಕಣ್ಣ ಮುಂದೆಯೇ ಮಲಗಿದ್ದ ನಾಯಿಯನ್ನು ಮೂವರೂ ಸೇರಿ ಹುಡುಕಿದ್ದರು. ಕಾಜಾ ಅಕ್ಕನಿಗೆ ಎಂಥ ನಗು ಬಂತೆಂದರೆ ಪಕ್ಕೆ ಹಿಡಿದುಕೊಳ್ಳಬೇಕಾಯಿತು. ಸಾವಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

"ಸದ್ದು ತೆಗಿಯೇ" ಎಂದಳು. "ಇದ್ಯಾರದೋ ಕಥೆ. ನಮ್ಮದು ನಾವೇ ಹೇಳ್ಕೊಳ್ಳೋಣ."

ತಾಯಿ ಮುದುಕಿಯಾದಳು, ಮಗಳು ಅಪ್ಪನ ದಪ್ಪ ದನಿ ತಂದುಕೊಂಡು ಮುದುಕನಾದಳು. ಮಾತುಗಳು ಒಂದರ ಹಿಂದೊಂದು ನೆನಪಾದವು. ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ತುಂಬಿದಳು. ನಾಯಿಯೂ ಸಿಕ್ಕಿತು. ಹಾಗೇ ಬರುತ್ತ ಬರುತ್ತ ಹಿಮ ಬೀಳತೊಡಗಿತು, ಮುದುಕ ಶಾಲು ಕೈಗೆತ್ತಿಕೊಂಡ. ಮಗಳು ನಿಲ್ಲಿಸಿದಳು.

"ಇಲ್ಲೇನು ಹೇಳ್ಲಮ್ಮ? ಹೋದ ವರ್ಷ ಏನಂದಿದ್ರು?"

"ಹೋದ ವರ್ಷದ್ದು ಹೋದ ವರ್ಷಕ್ಕೆ ಮುಗೀತು."

ಮುದುಕ ಶಾಲು ಹೊದಿಸಿದ. ಹೆಂಡತಿಯ ಮುಖ ನೋಡಿ ತುಟಿ ಆಡಿಸಿದ.

"ಹಿಂದಕ್ಕೆ ಹಾಕು" ಎಂದಳು ತಾಯಿ. ಮಗಳು ಹಾಕಿದಳು. ಮತ್ತೆ ಶಾಲು, ಮತ್ತೆ ತುಟಿ. ಕಾಜಾ ಅಕ್ಕ ಎದ್ದು ಹೋಗಿ ಟೀವಿಯ ಮುಂದೆ ನೆಲದ ಮೇಲೆ ಕೂತಳು. "ಇನ್ನೊಂದ್ಸಲ" ಎಂದಳು.

"ಬೇಡಮ್ಮ, ಸಾಕು. ನಾನೇ ಏನಾದ್ರೂ ಹೇಳ್ತೀನಿ."

"ನೀನು ಹೇಳಿದ್ರೆ ಆಗಲ್ಲ ಕಣೇ!" ಅಷ್ಟೂ ದಿನ ತಡೆದುಕೊಂಡಿದ್ದ ಅಳು ಒಮ್ಮೆಲೇ ಕಟ್ಟೆಯೊಡೆಯಿತು. ಮಗಳು ಓಡಿಬಂದು ತಬ್ಬಿಕೊಂಡಳು. "ಹೇಳ್ದೆ ಕೇಳ್ದೆ ಎದ್ದು ಹೋಗಿಬಿಟ್ರು. ಹಾಗೆ ಹೋಗಿದ್ದಕ್ಕೆ ಈ ವರ್ಷ ಒಂದು ಮಾತು ಹೇಳ್ಬೇಕಿತ್ತಲ್ವೇನೇ ಅವರು ನಂಗೆ?"